ಒಮ್ಮೆ ಬರೆದದ್ದನ್ನು ಮತ್ತೆ ಬರೆಯದಿರಲು: ಬ್ಯಾಶ್‌ನ ಹಿಸ್ಟರಿಯನ್ನೂ ಟ್ಯಾಬ್ ಕೀಲಿಯನ್ನೂ ಪಳಗಿಸುವ ಬಗೆ

ಟರ್ಮಿನಲ್ ಮುಂದೆ ಕುಳಿತವರ ಹಿಂದೆ ಐದು ನಿಮಿಷ ನಿಂತು ನೋಡಿ. ಮೇಲಿನ ಬಾಣದ ಕೀಲಿಯನ್ನು ಟಕಟಕ ಒತ್ತುತ್ತಾ, ನಿನ್ನೆ ಬರೆದ ಉದ್ದನೆಯ ಕಮಾಂಡ್ ಎಲ್ಲಿ ಹೋಯಿತೆಂದು ಹುಡುಕುತ್ತಿರುತ್ತಾರೆ. ಬೇಕಾದ ಸಾಲು ಕಣ್ಣೆದುರೇ ದಾಟಿ ಹೋಗುತ್ತದೆ. ಮತ್ತೆ ಕೆಳಗಿನ ಬಾಣ. ಕೊನೆಗೆ ಬೇಸತ್ತು ಪೂರ್ತಿ ಸಾಲನ್ನು ಹೊಸದಾಗಿ ಟೈಪ್ ಮಾಡುತ್ತಾರೆ. ನಾನೂ ಹಲವು ವರ್ಷ ಹೀಗೆಯೇ ಬೆರಳು ಸವೆಸಿದವನು.

ಟರ್ಮಿನಲ್‌ನಲ್ಲಿ ಬರೆದ ಕಮಾಂಡ್‌ಗಳನ್ನು ಓದಿ ನಡೆಸುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ, ಬ್ಯಾಶ್ ಅವುಗಳಲ್ಲೊಂದು. ಬರೆದ ಕಮಾಂಡ್‌ಗಳ ದಾಖಲೆಯೇ ಹಿಸ್ಟರಿ. ಯಾವ ಹೊಂದಾಣಿಕೆಯೂ ಇಲ್ಲದ ಬ್ಯಾಶ್ 500 ಸಾಲುಗಳನ್ನಷ್ಟೇ ನೆನಪಿನಲ್ಲಿಡುತ್ತದೆ. ಎರಡು ಟರ್ಮಿನಲ್ ತೆರೆದಿದ್ದರೆ ಕೊನೆಗೆ ಮುಚ್ಚಿದ್ದರ ಹಿಸ್ಟರಿ ಉಳಿಯುತ್ತದೆ, ಇನ್ನೊಂದರದ್ದು ಅಳಿದುಹೋಗುತ್ತದೆ. ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡಲೆಂದು ಟ್ಯಾಬ್ ಒತ್ತಿದರೆ, ಹಲವು ಆಯ್ಕೆಗಳಿದ್ದಾಗ ಒಂದು ಸಲ ಗಂಟೆ ಬಾರಿಸಿ ಸುಮ್ಮನಾಗುತ್ತದೆ. ಇವೆಲ್ಲವನ್ನೂ ಸುಮಾರು ಇಪ್ಪತ್ತು ಸಾಲುಗಳಲ್ಲಿ ಸರಿಪಡಿಸಬಹುದು. ಯಾರೋ ಬರೆದ ಮುನ್ನೂರು ಸಾಲಿನ ಹೊಂದಾಣಿಕೆಯ ಫೈಲನ್ನು ನಕಲು ಮಾಡಿಕೊಳ್ಳುವುದಕ್ಕಿಂತ, ಪ್ರತಿ ಸಾಲೂ ಏನು ಮಾಡುತ್ತದೆಂದು ತಿಳಿದ ಇಪ್ಪತ್ತು ಸಾಲು ಮೇಲು.

ಶುರು ಮಾಡುವ ಮೊದಲು

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. 'ಹಿಸ್ಟ್' ಎಂದು ಶುರುವಾಗಿ ಸಮ ಚಿಹ್ನೆಯೊಂದಿಗೆ ಬರುವ ಹೆಸರುಗಳೆಲ್ಲ ದೊಡ್ಡಕ್ಷರದಲ್ಲಿ, ನಡುವೆ ಜಾಗವಿಲ್ಲದೆ. ಸಮ ಚಿಹ್ನೆಯ ಅಕ್ಕಪಕ್ಕದಲ್ಲೂ ಜಾಗ ಬಿಡಬಾರದು. ಉಳಿದವು, ಬೇರೆ ಹೇಳದಿದ್ದರೆ, ಸಣ್ಣಕ್ಷರ. ಸ್ಪೆಲ್ಲಿಂಗ್ ಬಗ್ಗೆ ಅನುಮಾನ ಬಂದರೆ ಶೆಲ್ಲನ್ನೇ ಕೇಳಿ: $ಹಿಸ್ಟ್ ಎಂದಷ್ಟೇ ಬರೆದು ಎರಡು ಸಲ ಟ್ಯಾಬ್ ಒತ್ತಿದರೆ ಆಗಲೇ ಬೆಲೆ ಪಡೆದಿರುವ ಅಂಥ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಬೈಂಡ್ -ವಿ ಎಂದರೆ ಟ್ಯಾಬ್‌ಗೆ ಸಂಬಂಧಿಸಿದ ಹೊಂದಾಣಿಕೆಗಳ ಹೆಸರೂ ಈಗಿನ ಸ್ಥಿತಿಯೂ ಒಟ್ಟಿಗೆ ಸಿಗುತ್ತವೆ.

ನಿಮ್ಮದು ಯಾವ ಶೆಲ್ ಎಂದು ತಿಳಿಯಲು ಎಕೋ $0 ಎಂದು ಕೇಳಿ. ಆಪಲ್ ಕಂಪ್ಯೂಟರ್‌ಗಳಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಈಚೆಗೆ ಜೆಡ್‌ಶೆಲ್ ಇರುತ್ತದೆ. ಜೊತೆಗೆ ಬರುವ ಬ್ಯಾಶ್ ತುಂಬ ಹಳೆಯದು, 3.2ನೇ ಆವೃತ್ತಿ. ಅಂಥವರು ಹೊಸ ಬ್ಯಾಶ್ ಹಾಕಿಕೊಂಡು ಮುಂದುವರಿಯುವುದು ಒಳ್ಳೆಯದು. ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರಿಗೆ ಬ್ಯಾಶ್ ಆಗಲೇ ಸಿದ್ಧವಾಗಿರುತ್ತದೆ.

ನಾವು ಮುಟ್ಟುವುದು ಮನೆ ಫೋಲ್ಡರ್‌ನ ಎರಡೇ ಫೈಲ್‌ಗಳನ್ನು. ಹಿಸ್ಟರಿಗೆ ~/.ಬ್ಯಾಶ್‌ಆರ್‌ಸಿ, ಕೀಲಿಗಳಿಗೂ ಟ್ಯಾಬ್‌ಗೂ ~/.ಇನ್‌ಪುಟ್‌ಆರ್‌ಸಿ. ಎರಡನೆಯದು ಇಲ್ಲದಿದ್ದರೆ ಖಾಲಿ ಫೈಲ್ ಮಾಡಿಕೊಳ್ಳಿ. ಮೊದಲನೆಯದನ್ನು ತಿದ್ದುವ ಮುಂಚೆ ಒಂದು ನಕಲು ತೆಗೆದಿಡಿ, ಒಂದು ಟರ್ಮಿನಲ್ಲನ್ನು ಮುಚ್ಚದೆ ಹಾಗೆಯೇ ಇಟ್ಟಿರಿ. ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಹೊಸ ಕಿಟಕಿ ತೆರೆದಾಗಲೆಲ್ಲ ದೋಷದ ಸಂದೇಶ ರಾಚುತ್ತದೆ. ಆಗ ಹಳೆಯ ಕಿಟಕಿಯೇ ಗತಿ.

ಹಿಸ್ಟರಿ: ಎಷ್ಟು, ಯಾವುದು, ಯಾವಾಗಿನದು

ಹಿಸ್ಟರಿಗೆ ಎರಡು ಮನೆಗಳಿವೆ. ಒಂದು ಈ ಕಿಟಕಿಯ ಮೆಮೊರಿ. ಇನ್ನೊಂದು ಡಿಸ್ಕ್‌ನಲ್ಲಿರುವ ಫೈಲ್. ಶೆಲ್ ಶುರುವಾದಾಗ ಫೈಲ್‌ನಿಂದ ಮೆಮೊರಿಗೆ ಓದಿಕೊಳ್ಳುತ್ತದೆ, ಮುಚ್ಚುವಾಗ ಮೆಮೊರಿಯಿಂದ ಫೈಲ್‌ಗೆ ಬರೆಯುತ್ತದೆ. ಹಿಸ್ಟರಿಯ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡು ಮನೆಗಳ ನಡುವಿನ ಓಡಾಟದಲ್ಲೇ ಹುಟ್ಟುತ್ತವೆ. ಹಾಗಾಗಿ ಅಳತೆಯನ್ನೂ ಎರಡಕ್ಕೆ ಬೇರೆ ಬೇರೆಯಾಗಿ ಹೇಳಬೇಕು:

ಹಿಸ್ಟ್‌ಸೈಜ್=100000
ಹಿಸ್ಟ್‌ಫೈಲ್‌ಸೈಜ್=200000

ಮೊದಲನೆಯದು ಮೆಮೊರಿಯ ಮಿತಿ, ಎರಡನೆಯದು ಫೈಲಿನದು. 4.3ನೇ ಆವೃತ್ತಿಯಿಂದ -1 ಎಂದರೆ ಮಿತಿಯೇ ಇಲ್ಲ ಎಂದರ್ಥ. ನಾನು ದೊಡ್ಡ ಸಂಖ್ಯೆಯನ್ನೇ ಬರೆಯುತ್ತೇನೆ. ಹಳೆಯ ಯಂತ್ರಕ್ಕೆ ಇದೇ ಫೈಲ್ ಒಯ್ದರೂ ಕೆಲಸ ಮಾಡುತ್ತದೆ.

ಇಲ್ಲೊಂದು ಹೊಂಡವಿದೆ. ಉಬುಂಟು ಕೊಡುವ ~/.ಬ್ಯಾಶ್‌ಆರ್‌ಸಿಯಲ್ಲಿ ಈ ಎರಡೂ ಸಾಲುಗಳು 1000 ಮತ್ತು 2000 ಎಂಬ ಬೆಲೆಯೊಂದಿಗೆ ಆಗಲೇ ಇರುತ್ತವೆ. ಹಿಸ್ಟ್‌ಫೈಲ್‌ಸೈಜ್‌ಗೆ ಬೆಲೆ ಕೊಟ್ಟ ಆ ಕ್ಷಣದಲ್ಲೇ ಬ್ಯಾಶ್ ಫೈಲನ್ನು ಅಷ್ಟು ಸಾಲಿಗೆ ಕತ್ತರಿಸುತ್ತದೆ. ಕೆಳಗೆ ಎರಡು ಲಕ್ಷ ಎಂದು ಇನ್ನೊಮ್ಮೆ ಬರೆದರೂ ಅಷ್ಟರಲ್ಲಿ ಕತ್ತರಿ ಬಿದ್ದಾಗಿರುತ್ತದೆ. ಆದ್ದರಿಂದ ಹಳೆಯ ಸಾಲನ್ನೇ ತಿದ್ದಿ, ಕೆಳಗೆ ಹೊಸದು ಸೇರಿಸಬೇಡಿ.

ಇದೇ ಕತ್ತರಿಯ ಇನ್ನೊಂದು ರೂಪ: ಯಾವುದೋ ಪರೀಕ್ಷೆಗೆಂದು ಹೊಂದಾಣಿಕೆಗಳನ್ನು ಓದದೆ ಬ್ಯಾಶ್ ಶುರು ಮಾಡಿದರೆ, ಅದಕ್ಕೆ ಗೊತ್ತಿರುವುದು ಮೂಲದ 500 ಮಾತ್ರ. ನೀವು ವರ್ಷಗಟ್ಟಲೆ ಕೂಡಿಟ್ಟದ್ದು 500 ಸಾಲಿಗೆ ಇಳಿಯುತ್ತದೆ. ತಪ್ಪಿಸುವ ಉಪಾಯ ಸರಳ. ಫೈಲಿನ ಹೆಸರನ್ನೇ ಬದಲಿಸಿಬಿಡಿ, ಹೊಂದಾಣಿಕೆ ಓದದ ಬ್ಯಾಶ್‌ಗೆ ಅದು ಎಲ್ಲಿದೆಯೆಂದೇ ತಿಳಿಯುವುದಿಲ್ಲ:

ಹಿಸ್ಟ್‌ಫೈಲ್=~/.ನನ್ನ_ಹಿಸ್ಟರಿ

ಹಳೆಯ ~/.ಬ್ಯಾಶ್_ಹಿಸ್ಟರಿಯನ್ನು ಈ ಹೊಸ ಹೆಸರಿಗೆ ನಕಲು ಮಾಡಿಕೊಂಡರೆ ಹಿಂದಿನದೂ ಉಳಿಯುತ್ತದೆ.

ಮುಂದಿನದು ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು:

ಹಿಸ್ಟ್‌ಕಂಟ್ರೋಲ್=ಇಗ್ನೋರ್‌ಬೋತ್

ಇದರಲ್ಲಿ ಎರಡು ಕೆಲಸ ಅಡಗಿವೆ. ಒಂದೇ ಕಮಾಂಡನ್ನು ಬೆನ್ನುಬೆನ್ನಿಗೆ ಹತ್ತು ಸಲ ಕೊಟ್ಟರೆ ಒಂದೇ ಸಲ ದಾಖಲಾಗುತ್ತದೆ. ಸಾಲಿನ ಮೊದಲು ಒಂದು ಜಾಗ ಬಿಟ್ಟು ಬರೆದರೆ ಆ ಕಮಾಂಡ್ ದಾಖಲಾಗುವುದೇ ಇಲ್ಲ. ಗುಪ್ತಪದ ಸೇರಿದ ಸಾಲುಗಳಿಗೆ ಈ ಎರಡನೆಯದು ವರದಾನ. ಇರೇಸ್‌ಡಪ್ಸ್ ಎಂಬ ಮೂರನೆಯ ಆಯ್ಕೆಯೂ ಉಂಟು. ಹಿಂದೆಲ್ಲಿದ್ದರೂ ನಕಲುಗಳನ್ನು ಅಳಿಸಿ ಕೊನೆಯದನ್ನು ಮಾತ್ರ ಉಳಿಸುತ್ತದೆ. ಕೇಳಲು ಚೆನ್ನ, ಆದರೆ ಅದು ಅಳಿಸುವುದು ಮೆಮೊರಿಯಲ್ಲಿ. ಸಾಲುಸಾಲಾಗಿ ಫೈಲಿಗೆ ಸೇರಿಸುತ್ತಾ ಹೋಗುವ ನಮ್ಮ ಕ್ರಮದಲ್ಲಿ ಫೈಲಿನೊಳಗಿನ ನಕಲುಗಳು ಹಾಗೆಯೇ ಉಳಿಯುತ್ತವೆ. ಮೇಲಾಗಿ, ಯಾವ ಕಮಾಂಡಿನ ನಂತರ ಯಾವುದನ್ನು ಕೊಟ್ಟೆ ಎಂಬ ಸರಪಣಿಯೂ ತುಂಡಾಗುತ್ತದೆ. ನನಗೆ ಆ ಸರಪಣಿ ಬೇಕು, ಆದ್ದರಿಂದ ಅದನ್ನು ಬಳಸುವುದಿಲ್ಲ.

ಹಿಸ್ಟ್‌ಇಗ್ನೋರ್‌ನಲ್ಲಿ ಬೇಡದ ಕಮಾಂಡ್‌ಗಳ ಪಟ್ಟಿ ಕೊಡಬಹುದು, ನಡುವೆ ವಿವರಣ ಚಿಹ್ನೆ:

ಹಿಸ್ಟ್‌ಇಗ್ನೋರ್='ಎಲ್‌ಎಸ್:ಕ್ಲಿಯರ್:ಹಿಸ್ಟರಿ'

ಹೋಲಿಕೆ ಇಡೀ ಸಾಲಿಗೆ ಆಗಬೇಕು. ಎಲ್‌ಎಸ್ ಜೊತೆ ಇನ್ನೇನಾದರೂ ಬರೆದಿದ್ದರೆ ಅದು ದಾಖಲಾಗುತ್ತದೆ. ಕೆಲವರು ಫೋಲ್ಡರ್ ಬದಲಿಸುವ ಸಿಡಿಯನ್ನೂ ಇದರಲ್ಲಿ ಸೇರಿಸುತ್ತಾರೆ. ನಾನು ಸೇರಿಸಿಲ್ಲ. ಮೂರು ತಿಂಗಳ ಹಿಂದಿನ ಸಾಲನ್ನು ಮತ್ತೆ ಹೊರತೆಗೆದಾಗ, ಅದನ್ನು ಯಾವ ಫೋಲ್ಡರ್‌ನಲ್ಲಿ ನಿಂತು ಕೊಟ್ಟಿದ್ದೆ ಎಂಬುದಕ್ಕೆ ಅದರ ಮೇಲಿರುವ ಸಿಡಿಯೇ ಸಾಕ್ಷಿ.

ಸಮಯವೂ ದಾಖಲಾಗಲಿ:

ಹಿಸ್ಟ್‌ಟೈಮ್‌ಫಾರ್ಮ್ಯಾಟ್='%ಎಫ್ %ಟಿ '

ಹೆಸರಿನ ನಡುವೆ 'ಟಿ' ಎರಡು ಸಲ ಬರುವುದನ್ನು ಮರೆಯಬೇಡಿ, ಶೇಕಡಾ ಚಿಹ್ನೆಯ ಮುಂದಿನವೂ ದೊಡ್ಡಕ್ಷರಗಳು, ಕೊನೆಯ ಜಾಗವೂ ಬೇಕು. ಇನ್ನು ಮುಂದೆ ಹಿಸ್ಟರಿ ಎಂದು ಕೇಳಿದರೆ ಪ್ರತಿ ಸಾಲಿನ ಪಕ್ಕ ದಿನಾಂಕವೂ ಗಂಟೆಯೂ ಕಾಣುತ್ತವೆ. ಇದನ್ನು ಹಾಕುವುದಕ್ಕೆ ಮುಂಚಿನ ಸಾಲುಗಳು ಮಾತ್ರ ಎಲ್ಲವೂ ಒಂದೇ ಸಮಯ ತೋರಿಸುತ್ತವೆ. ಅವುಗಳ ಸಮಯ ಎಲ್ಲೂ ದಾಖಲಾಗಿರಲಿಲ್ಲ, ಅದನ್ನು ನಂಬಬೇಡಿ.

ಎರಡು ಕಿಟಕಿಗಳ ಜಗಳ

ಕೊನೆಗೆ ಮುಚ್ಚಿದ ಕಿಟಕಿ ಉಳಿದವರ ದಾಖಲೆಯನ್ನು ಅಳಿಸದಿರಲು ಈ ಎರಡು ಸಾಲು ಬೇಕು:

ಶಾಪ್ಟ್ -ಎಸ್ ಹಿಸ್ಟ್‌ಅಪೆಂಡ್
ಪ್ರಾಂಪ್ಟ್_ಕಮಾಂಡ್='ಹಿಸ್ಟರಿ -ಎ'

ಮೊದಲನೆಯದರ ಹೆಸರಿನ ಅಕ್ಷರಗಳು ಎಸ್, ಎಚ್, ಒ, ಪಿ, ಟಿ. ಫೈಲನ್ನು ಹೊಸದಾಗಿ ಬರೆಯಬೇಡ, ಕೊನೆಗೆ ಸೇರಿಸು ಎಂದು ಅದು ಹೇಳುತ್ತದೆ. ಎರಡನೆಯ ಹೆಸರು ದೊಡ್ಡಕ್ಷರದಲ್ಲಿ. ಪ್ರತಿ ಸಲ ಪ್ರಾಂಪ್ಟ್ (ಮುಂದಿನ ಕಮಾಂಡ್‌ಗಾಗಿ ಕಾಯುವ ಸಾಲು) ತೋರಿಸುವ ಮುನ್ನ ಹೊಸ ಸಾಲನ್ನು ಫೈಲಿಗೆ ಬರೆಸುತ್ತದೆ. ವಿದ್ಯುತ್ ಹೋದರೂ, ಸಂಪರ್ಕ ಕಡಿದರೂ ಕಳೆದುಹೋಗುವುದು ಹೆಚ್ಚೆಂದರೆ ಒಂದು ಸಾಲು. ಪ್ರಾಂಪ್ಟ್_ಕಮಾಂಡ್‌ಗೆ ಆಗಲೇ ಏನಾದರೂ ಬೆಲೆಯಿದ್ದರೆ ಅದನ್ನು ಅಳಿಸದೆ, ನಡುವೆ ಅರ್ಧವಿರಾಮ ಹಾಕಿ ಜೊತೆಗೆ ಸೇರಿಸಿ.

ಇಲ್ಲಿಗೆ ನಿಲ್ಲಿಸಿ ಎಂಬುದು ನನ್ನ ಸಲಹೆ. ಪ್ರತಿ ಪ್ರಾಂಪ್ಟ್‌ಗೂ ಮೆಮೊರಿಯನ್ನು ಖಾಲಿ ಮಾಡಿ ಫೈಲಿನಿಂದ ಮತ್ತೆ ಓದಿಸುವ ದಾರಿಯೂ ಇದೆ. ಆಗ ಎಲ್ಲ ಕಿಟಕಿಗಳ ಹಿಸ್ಟರಿಯೂ ಒಂದಾಗುತ್ತದೆ. ಒಂದು ವಾರ ಬಳಸಿ ಕಿತ್ತು ಹಾಕಿದೆ. ಈ ಕಿಟಕಿಯಲ್ಲಿ ಮೇಲಿನ ಬಾಣ ಒತ್ತಿದರೆ ಆ ಕಿಟಕಿಯಲ್ಲಿ ಸರ್ವರ್‌ಗೆ ಕೊಟ್ಟ ಕಮಾಂಡ್ ಪ್ರತ್ಯಕ್ಷವಾಗುತ್ತದೆ. ಎಂಟರ್ ಒತ್ತುವ ಮುನ್ನ ಗಮನಿಸದಿದ್ದರೆ ಮುಗಿಯಿತು. ಬೇರೆ ಕಿಟಕಿಯದು ಬೇಕಾದಾಗ ಹಿಸ್ಟರಿ -ಎನ್ ಎಂದು ಕೈಯಾರೆ ಕೇಳುವುದು ಸಾಕು.

ಗುಪ್ತಪದ ಹಿಸ್ಟರಿಗೆ ಬಿದ್ದರೆ? ನನಗೆ ಆಗಿದೆ. ಗುಪ್ತಪದ ಕೇಳುತ್ತಿದೆಯೆಂದು ಭಾವಿಸಿ ಬರೆದು ಎಂಟರ್ ಒತ್ತಿದೆ. ಕೇಳುತ್ತಿರಲಿಲ್ಲ, ಸಾಮಾನ್ಯ ಪ್ರಾಂಪ್ಟ್ ಇತ್ತು. 'ಇಂಥ ಕಮಾಂಡ್ ಇಲ್ಲ' ಎಂದು ಬ್ಯಾಶ್ ನನ್ನ ಗುಪ್ತಪದವನ್ನು ಪರದೆಯ ಮೇಲೆ ಓದಿ ಹೇಳಿತು. ಆಗ ಮೊದಲು ಹಿಸ್ಟರಿ ಎಂದು ಕೇಳಿ ಆ ಸಾಲಿನ ಸಂಖ್ಯೆ ಹಿಡಿಯಿರಿ, ಹಿಸ್ಟರಿ -ಡಿ ಮುಂದೆ ಆ ಸಂಖ್ಯೆ ಕೊಟ್ಟು ಮೆಮೊರಿಯಿಂದ ಅಳಿಸಿ. ಫೈಲಿಗೂ ಆಗಲೇ ಬರೆದಾಗಿರುತ್ತದೆ, ಆದ್ದರಿಂದ ಹಿಸ್ಟರಿ ಫೈಲನ್ನು ಎಡಿಟರ್‌ನಲ್ಲಿ ತೆರೆದು ಅಲ್ಲಿಂದಲೂ ತೆಗೆಯಿರಿ. ಹಿಸ್ಟರಿ -ಡಬ್ಲ್ಯು ಬಳಸಿ ಎಂದು ಕೆಲವರು ಹೇಳುತ್ತಾರೆ. ಅದು ಈ ಕಿಟಕಿಯ ನೆನಪನ್ನೇ ಫೈಲಿನ ಮೇಲೆ ಹೇರುತ್ತದೆ, ಬೇರೆ ಕಿಟಕಿಗಳು ಅಷ್ಟರಲ್ಲಿ ಸೇರಿಸಿದ್ದು ಹೋಗುತ್ತದೆ. ಅಳಿಸಿದ ಮೇಲೂ ಗುಪ್ತಪದ ಬದಲಿಸಿ.

ಹುಡುಕುವುದು

ಇಷ್ಟು ಕೂಡಿಟ್ಟ ಮೇಲೆ ಒಂದೊಂದೇ ಸಾಲು ಏರುತ್ತಾ ಹೋಗುವುದು ಸಾಧ್ಯವಿಲ್ಲ. ~/.ಇನ್‌ಪುಟ್‌ಆರ್‌ಸಿಯಲ್ಲಿ ಹೀಗೆ ಬರೆಯಿರಿ:

$ಇನ್‌ಕ್ಲೂಡ್ /ಇಟಿಸಿ/ಇನ್‌ಪುಟ್‌ಆರ್‌ಸಿ
"\ಇ[ಎ": ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್
"\ಇ[ಬಿ": ಹಿಸ್ಟರಿ-ಸರ್ಚ್-ಫಾರ್ವರ್ಡ್

ನಿಮ್ಮ ಸ್ವಂತ ಫೈಲ್ ಇದ್ದರೆ ಬ್ಯಾಶ್ ವ್ಯವಸ್ಥೆಯ ಫೈಲನ್ನು ಓದುವುದಿಲ್ಲ, ಅದಕ್ಕಾಗಿ ಮೊದಲ ಸಾಲು. ಮುಂದಿನೆರಡರಲ್ಲಿ 'ಇ' ಸಣ್ಣಕ್ಷರ, 'ಎ' ಮತ್ತು 'ಬಿ' ದೊಡ್ಡವು. ಬಾಣದ ಕೀಲಿಗಳು ಕಳಿಸುವ ಸಂಕೇತ ಇದೇ. ಈಗ ಗಿಟ್ ಎಂದು ಬರೆದು ಮೇಲಿನ ಬಾಣ ಒತ್ತಿ. ಗಿಟ್ ಎಂದು ಶುರುವಾಗುವ ಸಾಲುಗಳು ಮಾತ್ರ ಒಂದೊಂದಾಗಿ ಬರುತ್ತವೆ. ಏನೂ ಬರೆಯದೆ ಒತ್ತಿದರೆ ಬಾಣ ಮೊದಲಿನಂತೆಯೇ ನಡೆದುಕೊಳ್ಳುತ್ತದೆ. ಈ ಲೇಖನದಿಂದ ಒಂದೇ ಒಂದನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ಕೆಲಸ ಮಾಡದಿದ್ದರೆ ನಿಮ್ಮ ಟರ್ಮಿನಲ್ ಬೇರೆ ಸಂಕೇತ ಕಳಿಸುತ್ತಿರಬಹುದು. ಕಂಟ್ರೋಲ್-ವಿ ಒತ್ತಿ, ನಂತರ ಬಾಣ ಒತ್ತಿ, ಪರದೆಯ ಮೇಲೆ ^[[ಎ ಎಂಬಂಥದ್ದು ಮೂಡುತ್ತದೆ. ಮೊದಲಿನ ^[ ಎಂಬ ಜೋಡಿಯ ಬದಲು \ಇ ಬರೆದು, ಉಳಿದದ್ದನ್ನು ಹಾಗೆಯೇ ಫೈಲಿಗೆ ಹಾಕಿ.

ಸಾಲಿನ ನಡುವಿನ ಪದ ಮಾತ್ರ ನೆನಪಿದ್ದರೆ ಕಂಟ್ರೋಲ್-ಆರ್. ಪದದ ತುಣುಕು ಬರೆಯಿರಿ, ಇನ್ನೂ ಹಿಂದಿನದು ಬೇಕಾದರೆ ಮತ್ತೆ ಕಂಟ್ರೋಲ್-ಆರ್, ಬೇಡವೆಂದರೆ ಕಂಟ್ರೋಲ್-ಜಿ. ಅವಸರದಲ್ಲಿ ಒಂದು ಸಲ ಹೆಚ್ಚು ಒತ್ತಿ ಬೇಕಾದ ಸಾಲನ್ನು ದಾಟಿದಿರಾ? ಮುಂದಕ್ಕೆ ಬರಲು ಕಂಟ್ರೋಲ್-ಎಸ್ ಇದೆ, ಆದರೆ ಒತ್ತಿದರೆ ಪರದೆ ಮರಗಟ್ಟಿದಂತೆ ನಿಂತುಬಿಡುತ್ತದೆ. ಟೆಲಿಟೈಪ್ ಯಂತ್ರಗಳ ಕಾಲದಲ್ಲಿ ಹರಿದು ಬರುವ ಅಕ್ಷರಗಳನ್ನು ತಡೆಯಲು ಇಟ್ಟ ಸಂಕೇತ ಅದು. ಇಂದಿಗೂ ಟರ್ಮಿನಲ್ ಅದನ್ನು ಪಾಲಿಸುತ್ತದೆ. ಕಂಟ್ರೋಲ್-ಕ್ಯು ಒತ್ತಿದರೆ ಜೀವ ಬರುತ್ತದೆ. ಶಾಶ್ವತ ಪರಿಹಾರಕ್ಕೆ ~/.ಬ್ಯಾಶ್‌ಆರ್‌ಸಿಯಲ್ಲಿ ಎಸ್‌ಟಿಟಿವೈ -ಐಎಕ್ಸ್‌ಒಎನ್ ಎಂದು ಬರೆಯಿರಿ.

ಹೆಚ್ಚು ಜನರಿಗೆ ತಿಳಿಯದ ಕೀಲಿ ಕಂಟ್ರೋಲ್-ಒ. ನಿನ್ನೆ ಒಂದರ ಹಿಂದೆ ಒಂದರಂತೆ ಐದು ಕಮಾಂಡ್ ಕೊಟ್ಟಿದ್ದೀರಿ, ಇಂದೂ ಅದೇ ಐದು ಬೇಕು ಎಂದುಕೊಳ್ಳಿ. ಮೊದಲನೆಯದನ್ನು ಹುಡುಕಿ ಎಂಟರ್ ಬದಲು ಕಂಟ್ರೋಲ್-ಒ ಒತ್ತಿ. ಅದು ನಡೆಯುತ್ತದೆ, ಹಿಸ್ಟರಿಯಲ್ಲಿ ಅದರ ನಂತರ ಇದ್ದದ್ದು ತಾನಾಗಿ ಪ್ರಾಂಪ್ಟ್‌ಗೆ ಬಂದು ನಿಲ್ಲುತ್ತದೆ. ಹಾಗೆಯೇ ಐದು ಸಲ. ನಾನು ಸರಪಣಿ ಬೇಕು ಎಂದದ್ದು ಇದಕ್ಕೇ.

ಇನ್ನೊಂದು ಸಣ್ಣ ಕಿರಿಕಿರಿ: ಹಳೆಯ ಸಾಲನ್ನು ಮೇಲೆ ತಂದು ಅರ್ಧ ತಿದ್ದಿ, ಬೇಡವೆಂದು ಬಾಣ ಒತ್ತಿ ಬೇರೆಡೆಗೆ ಹೋದರೆ ಆ ಅರ್ಧ ತಿದ್ದಿದ್ದೇ ಹಿಸ್ಟರಿಯಲ್ಲಿ ಉಳಿಯುತ್ತದೆ, ಪಟ್ಟಿಯಲ್ಲಿ ಅದರ ಪಕ್ಕ ನಕ್ಷತ್ರ ಕಾಣುತ್ತದೆ. ಸೆಟ್ ರಿವರ್ಟ್-ಆಲ್-ಅಟ್-ನ್ಯೂಲೈನ್ ಆನ್ ಎಂಬ ಸಾಲು ~/.ಇನ್‌ಪುಟ್‌ಆರ್‌ಸಿಯಲ್ಲಿದ್ದರೆ ಮೂಲ ಸಾಲು ಹಾಗೆಯೇ ಉಳಿಯುತ್ತದೆ.

ಆಶ್ಚರ್ಯಸೂಚಕದ ಆಟ

!! ಎಂದರೆ ಹಿಂದಿನ ಇಡೀ ಕಮಾಂಡ್, !$ ಎಂದರೆ ಅದರ ಕೊನೆಯ ಪದ, !-3 ಎಂದರೆ ಮೂರು ಸಾಲು ಹಿಂದಿನದು. ^ತಪ್ಪು^ಸರಿ ಎಂದರೆ ಹಿಂದಿನ ಸಾಲಿನಲ್ಲಿ ಆ ಪದ ಬದಲಿಸಿ ಮತ್ತೆ ನಡೆಸು. 1970ರ ದಶಕದ ಕೊನೆಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನಿಂದ ಬಂದ ಸಂಕೇತಗಳಿವು. ಬಾಣದ ಕೀಲಿಯಿಂದ ಸಾಲು ತಿದ್ದುವ ಸೌಲಭ್ಯ ಆಗ ಶೆಲ್‌ಗಳಲ್ಲಿ ಇರಲಿಲ್ಲ, ಹಾಗಾಗಿ ಇಷ್ಟು ಮೊಟಕು.

ಮೊಟಕಾದದ್ದರಿಂದಲೇ ಅಪಾಯವೂ ಇದೆ. ! ಮುಂದೆ ಅಕ್ಷರ ಬರೆದರೆ ಆ ಅಕ್ಷರಗಳಿಂದ ಶುರುವಾಗುವ ಇತ್ತೀಚಿನ ಕಮಾಂಡ್ ನಡೆಯುತ್ತದೆ. ಒಮ್ಮೆ !ಆರ್‌ಎಂ ಎಂದು ಬರೆದು ಎಂಟರ್ ಒತ್ತಿದೆ, ತಾತ್ಕಾಲಿಕ ಫೈಲ್‌ಗಳನ್ನು ಅಳಿಸುವ ಸಾಲು ಬರುತ್ತದೆಂಬ ನಂಬಿಕೆಯಿಂದ. ನಡುವೆ ಬೇರೊಂದು ಫೋಲ್ಡರ್‌ನಲ್ಲಿ *.ಲಾಗ್ ಅಳಿಸಿದ್ದು ಮರೆತೇ ಹೋಗಿತ್ತು. ಅದೇ ಸಾಲು ಈ ಫೋಲ್ಡರ್‌ನಲ್ಲಿ ನಡೆಯಿತು. ಆ ದಿನ ಓದಬೇಕೆಂದಿದ್ದ ಲಾಗ್‌ಗಳೆಲ್ಲ ಹೋದವು. ಅಂದೇ ಸೇರಿಸಿದ ಸಾಲು:

ಶಾಪ್ಟ್ -ಎಸ್ ಹಿಸ್ಟ್‌ವೆರಿಫೈ

ಇದಿದ್ದರೆ ಎಂಟರ್ ಒತ್ತಿದಾಗ ಕಮಾಂಡ್ ತಕ್ಷಣ ನಡೆಯುವುದಿಲ್ಲ. ವಿಸ್ತರಿಸಿದ ಸಾಲು ಪ್ರಾಂಪ್ಟ್‌ನಲ್ಲಿ ಕಾಣುತ್ತದೆ. ಓದಿ, ಇನ್ನೊಮ್ಮೆ ಎಂಟರ್ ಒತ್ತಬೇಕು. !$ ಬದಲು ನಾನು ಆಲ್ಟ್-ಚುಕ್ಕಿ ಒತ್ತುತ್ತೇನೆ. ಹಿಂದಿನ ಸಾಲಿನ ಕೊನೆಯ ಪದ ಕಣ್ಣೆದುರೇ ಬಂದು ಕೂರುತ್ತದೆ, ಮತ್ತೆ ಒತ್ತಿದರೆ ಅದಕ್ಕೂ ಹಿಂದಿನ ಸಾಲಿನದು.

ಟ್ಯಾಬ್ ಕೀಲಿ

ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡುವ ಈ ಉಪಾಯ ಟೆನೆಕ್ಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯಲ್ಲಿತ್ತು. ಟಿಸಿಎಸ್‌ಎಚ್ ಶೆಲ್‌ನ ಹೆಸರಿನ ಮೊದಲಕ್ಷರ ಅದರದೇ ಗುರುತು. ಬ್ಯಾಶ್‌ನಲ್ಲಿ ಇದನ್ನು ನೋಡಿಕೊಳ್ಳುವುದು ರೀಡ್‌ಲೈನ್ ಎಂಬ ಭಾಗ. ~/.ಇನ್‌ಪುಟ್‌ಆರ್‌ಸಿಗೆ ಇವನ್ನು ಸೇರಿಸಿ:

ಸೆಟ್ ಕಂಪ್ಲೀಷನ್-ಇಗ್ನೋರ್-ಕೇಸ್ ಆನ್
ಸೆಟ್ ಕಂಪ್ಲೀಷನ್-ಮ್ಯಾಪ್-ಕೇಸ್ ಆನ್
ಸೆಟ್ ಶೋ-ಆಲ್-ಇಫ್-ಆಂಬಿಗ್ಯುಯಸ್ ಆನ್
ಸೆಟ್ ಮಾರ್ಕ್-ಸಿಮ್‌ಲಿಂಕ್ಡ್-ಡೈರೆಕ್ಟರೀಸ್ ಆನ್
ಸೆಟ್ ಕಲರ್ಡ್-ಸ್ಟ್ಯಾಟ್ಸ್ ಆನ್
ಸೆಟ್ ಕಂಪ್ಲೀಷನ್-ಕ್ವೆರಿ-ಐಟಮ್ಸ್ 300

ಮೊದಲನೆಯದರಿಂದ ಸಣ್ಣಕ್ಷರ ದೊಡ್ಡಕ್ಷರದ ಭೇದ ಹೋಗುತ್ತದೆ. ಎರಡನೆಯದರಿಂದ ಅಡ್ಡಗೆರೆಗೂ ಅಡಿಗೆರೆಗೂ ಭೇದವಿಲ್ಲ, ಶಿಫ್ಟ್ ಒತ್ತುವ ಶ್ರಮ ಉಳಿಯಿತು. ಮೂರನೆಯದು ಎರಡು ಸಲ ಟ್ಯಾಬ್ ಒತ್ತುವ ಬದಲು ಒಂದೇ ಸಲಕ್ಕೆ ಪಟ್ಟಿ ತೋರಿಸುತ್ತದೆ. ನಾಲ್ಕನೆಯದು ಕೊಂಡಿಯ ಹಿಂದೆ ಫೋಲ್ಡರ್ ಇದ್ದರೆ ಕೊನೆಗೆ ಓರೆಗೆರೆ ಹಾಕುತ್ತದೆ. ಐದನೆಯದು ಬಣ್ಣ. ಕೊನೆಯದು, ಸಾಮಾನ್ಯವಾಗಿ ನೂರು ಆಯ್ಕೆ ಮುಟ್ಟಿದರೆ 'ಎಲ್ಲವನ್ನೂ ತೋರಿಸಲೇ' ಎಂದು ಕೇಳುವುದನ್ನು ಮುನ್ನೂರಕ್ಕೆ ಏರಿಸುತ್ತದೆ.

ಟ್ಯಾಬ್ ಒತ್ತಿದಂತೆಲ್ಲ ಆಯ್ಕೆಗಳನ್ನು ಒಂದೊಂದಾಗಿ ಸಾಲಿನಲ್ಲೇ ತರುವ ಮೆನು-ಕಂಪ್ಲೀಟ್ ಎಂಬುದೂ ಇದೆ. ಟ್ಯಾಬ್‌ಗೇ ಅದನ್ನು ಕಟ್ಟುವುದು ನನಗೆ ಒಗ್ಗಲಿಲ್ಲ. ಅಳಿಸುವ ಕಮಾಂಡಿನ ಮುಂದೆ ಟ್ಯಾಬ್ ಒತ್ತಿದ ಕೂಡಲೇ ಯಾವುದೋ ಫೈಲಿನ ಹೆಸರು ತಾನಾಗಿ ಬಂದು ಕೂರುವುದು ಹಿತವಲ್ಲ. ಶಿಫ್ಟ್-ಟ್ಯಾಬ್‌ಗೆ ಕಟ್ಟಿಕೊಂಡಿದ್ದೇನೆ, ಕೊನೆಯ 'ಜೆಡ್' ದೊಡ್ಡಕ್ಷರ:

"\ಇ[ಜೆಡ್": ಮೆನು-ಕಂಪ್ಲೀಟ್

ನಿಮ್ಮದೇ ಸ್ಕ್ರಿಪ್ಟ್‌ಗೆ ಟ್ಯಾಬ್ ಕಲಿಸುವುದು

ಗಿಟ್‌ನಂಥ ಕಮಾಂಡ್‌ಗಳ ಮುಂದೆ ಟ್ಯಾಬ್ ಒತ್ತಿದಾಗ ಉಪಕಮಾಂಡ್‌ಗಳು ಬರುವುದಕ್ಕೆ ಬ್ಯಾಶ್-ಕಂಪ್ಲೀಷನ್ ಎಂಬ ಪ್ಯಾಕೇಜ್ ನೆರವಾಗುತ್ತದೆ; ಇಲ್ಲದಿದ್ದರೆ ಹಾಕಿಕೊಳ್ಳಿ. ನೀವೇ ಬರೆದ ಸ್ಕ್ರಿಪ್ಟ್‌ಗೆ ಮಾತ್ರ ನೀವೇ ಹೇಳಿಕೊಡಬೇಕು. 'ಕಳಿಸು' ಎಂಬ ಸ್ಕ್ರಿಪ್ಟ್ ಇದೆ, ಅದಕ್ಕೆ ಮೂರೇ ಪದ ಹೊಂದುತ್ತವೆ ಎಂದಿಟ್ಟುಕೊಳ್ಳಿ. ~/.ಬ್ಯಾಶ್‌ಆರ್‌ಸಿಯಲ್ಲಿ ಒಂದೇ ಸಾಲು, 'ಡಬ್ಲ್ಯು' ದೊಡ್ಡಕ್ಷರ:

ಕಂಪ್ಲೀಟ್ -ಡಬ್ಲ್ಯು 'ಪರೀಕ್ಷೆ ಅಂತಿಮ ಹಿಂದಕ್ಕೆ' ಕಳಿಸು

ಆಯ್ಕೆಗಳು ದಿನದಿನಕ್ಕೂ ಬದಲಾಗುವುದಾದರೆ ಒಂದು ಸಣ್ಣ ಫಂಕ್ಷನ್ ಬೇಕು. ಒಂದು ಫೋಲ್ಡರ್‌ನಲ್ಲಿರುವ ಟಿಪ್ಪಣಿಗಳನ್ನು ತೆರೆಯುವ 'ಟಿಪ್ಪಣಿ' ಎಂಬ ಸ್ಕ್ರಿಪ್ಟ್‌ಗೆ:

_ಟಿಪ್ಪಣಿ() {
ಕಾಂಪ್‌ರಿಪ್ಲೈ=( $(ಕಾಂಪ್‌ಜೆನ್ -ಡಬ್ಲ್ಯು "$(ಎಲ್‌ಎಸ್ ~/ಟಿಪ್ಪಣಿಗಳು)" -- "$2") )
}
ಕಂಪ್ಲೀಟ್ -ಎಫ್ _ಟಿಪ್ಪಣಿ ಟಿಪ್ಪಣಿ

ಟ್ಯಾಬ್ ಒತ್ತಿದಾಗ ಬ್ಯಾಶ್ ಈ ಫಂಕ್ಷನ್ನನ್ನು ಕರೆದು, ನೀವು ಅರ್ಧ ಬರೆದ ಪದವನ್ನು $2ರಲ್ಲಿ ಕೊಡುತ್ತದೆ. ಕಾಂಪ್‌ಜೆನ್ ಪಟ್ಟಿಯಿಂದ ಅದಕ್ಕೆ ಹೊಂದುವುದನ್ನು ಆರಿಸುತ್ತದೆ. ಆರಿಸಿದ್ದನ್ನು ಕಾಂಪ್‌ರಿಪ್ಲೈ ಎಂಬ ಪೂರ್ತಿ ದೊಡ್ಡಕ್ಷರದ ಪಟ್ಟಿಯಲ್ಲಿ ಇಟ್ಟರೆ ಬ್ಯಾಶ್ ಅಲ್ಲಿಂದ ಎತ್ತಿಕೊಳ್ಳುತ್ತದೆ. -ಎಫ್ ಕೂಡ ಇಲ್ಲಿ ದೊಡ್ಡಕ್ಷರವೇ. ಸಣ್ಣ 'ಎಫ್' ಎಂದರೆ ಬರಿಯ ಫೈಲ್ ಹೆಸರುಗಳು ಎಂದರ್ಥ. ಫೈಲಿನ ಹೆಸರಿನ ನಡುವೆ ಜಾಗವಿದ್ದರೆ ಈ ಫಂಕ್ಷನ್ ಅದನ್ನು ಎರಡು ಪದವೆಂದು ತಿಳಿಯುತ್ತದೆ. ನನ್ನ ಟಿಪ್ಪಣಿಗಳಿಗೆ ಅಡ್ಡಗೆರೆಯ ಹೆಸರಿಟ್ಟು ತಂಟೆ ತಪ್ಪಿಸಿಕೊಂಡಿದ್ದೇನೆ.

ಅಲಿಯಾಸ್ ಮಾಡಿಕೊಂಡ ಮೊಟಕು ಹೆಸರಿಗೆ ಟ್ಯಾಬ್ ಕೆಲಸ ಮಾಡದು ಎಂಬುದು ಮತ್ತೊಂದು ಸಾಮಾನ್ಯ ದೂರು. ಮೂಲ ಕಮಾಂಡಿನ ಮುಂದೆ ಒಮ್ಮೆ ಟ್ಯಾಬ್ ಒತ್ತಿ. ಅದರ ನಿಯಮ ಮೆಮೊರಿಗೆ ಬರುವುದು ಆಗಲೇ. ನಂತರ ಕಂಪ್ಲೀಟ್ -ಪಿ ಮುಂದೆ ಮೂಲ ಹೆಸರು ಬರೆದು ಕೇಳಿದರೆ ಆ ನಿಯಮ ಒಂದು ಸಾಲಾಗಿ ಅಚ್ಚಾಗುತ್ತದೆ. ಕೊನೆಯ ಪದದ ಜಾಗದಲ್ಲಿ ಮೊಟಕು ಹೆಸರು ಹಾಕಿ ಅದನ್ನೇ ನಡೆಸಿ ನೋಡಿ. ಹೆಚ್ಚಿನ ಕಮಾಂಡ್‌ಗಳಿಗೆ ಇಷ್ಟೇ ಸಾಕು.

ತಿದ್ದಿದ್ದನ್ನು ಪರೀಕ್ಷಿಸಲು ಟರ್ಮಿನಲ್ ಮುಚ್ಚಬೇಕಿಲ್ಲ. ~/.ಇನ್‌ಪುಟ್‌ಆರ್‌ಸಿ ಬದಲಾಗಿದ್ದರೆ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಆರ್ ಎಂದು ಒಂದಾದ ಮೇಲೊಂದು ಒತ್ತಿ, ~/.ಬ್ಯಾಶ್‌ಆರ್‌ಸಿ ಆದರೆ ಸೋರ್ಸ್ ~/.ಬ್ಯಾಶ್‌ಆರ್‌ಸಿ. ನೀವು ಕಲಿಸಿದ ಟ್ಯಾಬ್ ನಿಯಮ ಕೈಕೊಟ್ಟರೆ ಕಂಪ್ಲೀಟ್ -ಆರ್ ಮುಂದೆ ಆ ಕಮಾಂಡಿನ ಹೆಸರು ಬರೆಯಿರಿ, ಅದೊಂದೇ ನಿಯಮ ಅಳಿಯುತ್ತದೆ. ಹೆಸರು ಬರೆಯದೆ ಎಂಟರ್ ಒತ್ತಿದರೆ ಮಾತ್ರ ಈ ಕಿಟಕಿಯಲ್ಲಿರುವ ಎಲ್ಲ ನಿಯಮಗಳೂ ಹೋಗುತ್ತವೆ. ಹಾಗಾದರೆ ಆ ಕಿಟಕಿ ಮುಚ್ಚಿ ಹೊಸದು ತೆರೆಯಿರಿ, ಎಲ್ಲವೂ ಮರಳಿ ಬರುತ್ತವೆ.